ಎಸರಿಗೆ ಯಾವ ನೀರು?

ಬಾಗೇಪಲ್ಲಿ ಕಡೆಯ ಒಂದು ಹಳ್ಳಿ ಶಾಲೆಯ ಜಗಲಿ. ಭಾನುವಾರ ಬೆಳಿಗ್ಗೆ ಅಲ್ಲಿ ಚೊಂಬು, ಬಾಟಲಿ, ಕೊಡಗಳು ಸಾಲಾಗಿ ಕೂತಿದ್ದವು. ಬೆಂಗಳೂರಿನ ನನ್ನ ಗೆಳೆಯನೊಬ್ಬ, ರಸಾಯನಶಾಸ್ತ್ರದ ಸಂಶೋಧಕ, ತನ್ನ ರಜೆಯಲ್ಲಿ ಇಲ್ಲಿಗೆ ಬಂದು ಊರವರ ಬೋರ್‌ವೆಲ್ ನೀರು ಪರೀಕ್ಷಿಸುತ್ತಾನೆ. ಸಂಬಳವಿಲ್ಲ, ಬಸ್ ಚಾರ್ಜೂ ಅವನದೇ. ಸಣ್ಣ ಶೀಶೆಯ ನೀರಿಗೆ ಒಂದಿಷ್ಟು ದ್ರಾವಣ ಹಾಕುತ್ತಾನೆ. ಗುಲಾಬಿಯಾಗಿಯೇ ಉಳಿದರೆ ನೆಮ್ಮದಿ, ಹಳದಿಗೆ ತಿರುಗಿದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್. ದ್ರಾವಣದಲ್ಲಿರುವ ಜಿರ್ಕೋನಿಯಂ ಲೋಹ ಬಣ್ಣದ ಕೈ ಹಿಡಿದಿರುವಷ್ಟು ಹೊತ್ತು ಗುಲಾಬಿ. ಫ್ಲೋರೈಡ್ ಬಂದು ಅದನ್ನು ಎಳೆದುಕೊಂಡು ಹೋದರೆ ಉಳಿಯುವುದು ಹಳದಿ.

ಮೊದಲ ಸಲ ಬಂದಾಗ ಅವನು ಲ್ಯಾಪ್‌ಟಾಪ್ ತಂದಿದ್ದ. ‘ಲೀಟರಿಗೆ 1.5 ಮಿಲಿಗ್ರಾಂ ಗರಿಷ್ಠ ಮಿತಿ’ ಅಂದ. ಯಾರೂ ಮಿಸುಕಲಿಲ್ಲ. ಮಿಲಿಗ್ರಾಂ ಎಂದರೆ ಮಾತ್ರೆ ಚೀಟಿಯ ಮೇಲಿನ ಅಕ್ಷರ, ಅಷ್ಟೆ. ಎರಡನೇ ಸಲ ಲೆಕ್ಕವನ್ನು ಟ್ಯಾಂಕರಿಗೆ ಇಳಿಸಿದ: 5,000 ಲೀಟರಿನ ಟ್ಯಾಂಕರಿನಲ್ಲಿ ಏಳೂವರೆ ಗ್ರಾಂ, ಅಂದರೆ ಚಿಕ್ಕ ಚಮಚದ ಒಂದೂಕಾಲು ಚಮಚ ಉಪ್ಪಿನಷ್ಟು ತೂಕ. ಅದು ದಾಟಿದರೆ ಮಿತಿ ಮೀರಿದಂತೆ. ಆಗ ಜಗಲಿ ಗಲಗಲ ಅಂತು.

ಆದರೂ ಒಂದು ಗಂಟು ಬಿಚ್ಚಲಿಲ್ಲ. ಊರವರ ಪ್ರಕಾರ ಕೆಟ್ಟ ನೀರೆಂದರೆ ಉಪ್ಪುಪ್ಪಾದ, ಬೇಳೆ ಬೇಯದ, ಸೋಪು ನೊರೆ ಬಿಡದ ಗಡಸು ನೀರು. ಬೇಳೆ ಬೇಗ ಬೆಂದರೆ ಅದು ಒಳ್ಳೆಯ ನೀರು. ಫ್ಲೋರೈಡಿನ ಮಟ್ಟಿಗೆ ಈ ಪರೀಕ್ಷೆ ತಲೆಕೆಳಗು. ಬೇಳೆಯನ್ನು ಬೇಯಗೊಡದ ಕ್ಯಾಲ್ಸಿಯಮ್ಮೇ ಫ್ಲೋರೈಡನ್ನೂ ಹಿಡಿದು ತಳಕ್ಕೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆ, ಕ್ಷಾರ ಹೆಚ್ಚು ಇರುವ ಮೆದು ನೀರಿನಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತದೆ, ಗ್ರಾನೈಟಿನ ಅಭ್ರಕ, ಅಪಟೈಟ್ ಎಂಬ ಖನಿಜಗಳಿಂದ ಫ್ಲೋರೈಡೂ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದ ಸೀಮೆ ನಮ್ಮದು. ಸಾವಿರ ಅಡಿ ಆಳದಲ್ಲಿ ಬಂಡೆಯೊಂದಿಗೆ ಎಷ್ಟೋ ಕಾಲ ಸಂಸಾರ ಮಾಡಿದ ನೀರನ್ನು ಎತ್ತುತ್ತೇವೆ. ರುಚಿ, ವಾಸನೆ, ಬಣ್ಣ ಯಾವುದೂ ಸುಳಿವು ಕೊಡದು. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಕೂರುತ್ತದೆ. ಮಕ್ಕಳ ಹಲ್ಲು ಇನ್ನೂ ವಸಡಿನೊಳಗೆ ರೂಪುಗೊಳ್ಳುವಾಗಲೇ ಅದು ಕಲೆ ಮಾಡಿಬಿಡುತ್ತದೆ. ವರ್ಷಗಟ್ಟಲೆ ಕುಡಿದವರ ಮೂಳೆಗೂ ಸೇರುತ್ತದೆ, ಕೀಲು ಬಿಗಿಯುತ್ತದೆ.

ಈ ಬೇಳೆಯ ವಿಷಯ ಗೆಳೆಯನ ಸ್ಲೈಡುಗಳಲ್ಲಿ ಇರಲಿಲ್ಲ. ‘ನಮ್ಮ ಬೋರ್ ನೀರಲ್ಲಿ ಬೇಳೆ ಎಷ್ಟು ಚೆನ್ನಾಗಿ ಬೇಯುತ್ತೆ ಗೊತ್ತಾ ಸಾರ್’ ಎಂದು ಒಬ್ಬಾಕೆ ಜಗಳಕ್ಕೆ ನಿಂತಾಗಲೇ ಅವನಿಗೆ ಹೊಳೆದದ್ದು.

ಪ್ರಯೋಗಾಲಯದಿಂದ ಊರಿಗೆ ಇಳಿಯುವುದು ಈ ಸೀಮೆಗೆ ಹೊಸತಲ್ಲ. ತುಮಕೂರಿನ ಹತ್ತಿರದ ಊರಿನ ಹೆಸರು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪ, ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ನಂಗಪುರಂ ವೆಂಕಟೇಶ ಅಯ್ಯಂಗಾರ್ ಜೊತೆ ಸೇರಿ 1918ರಲ್ಲೇ ಕನ್ನಡಕ್ಕೆ ‘ವಿಜ್ಞಾನ’ ಮಾಸಪತ್ರಿಕೆ ತಂದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರ ಓದಿ ಬಂದು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು; ವಿಜ್ಞಾನಿಗಳು ಅಲ್ಲಿ ಸಾಮಾನ್ಯರ ಮುಂದೆ ನಿಂತು ಮಾತಾಡಬೇಕಾಯಿತು. ಆ ವಿಜ್ಞಾನಿಗಳು ಕೇಳಿಸಿಕೊಳ್ಳುವುದನ್ನೂ ಕಲಿತಿರಬೇಕು ಅಂತ ನನ್ನ ಊಹೆ.

ಮೊನ್ನೆ ಪರೀಕ್ಷೆ ಮುಗಿಯುವ ಹೊತ್ತಿಗೆ ಒಬ್ಬ ಅಜ್ಜಿ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಶುರುಮಾಡಿದರು. ಅವರ ಮಾತಿನ ಸಾರ ಇಷ್ಟು: ‘ಕುಡಿಯೋಕೆ ಫಿಲ್ಟರ್ ನೀರು ತರ್ತೀವಪ್ಪಾ. ಮುದ್ದೆ ಎಸರಿಗೆ ಬೋರ್ ನೀರೇ. ಅದು ಲೆಕ್ಕಕ್ಕಿಲ್ವಾ?’

ಗೆಳೆಯ ಶೀಶೆ ಕೆಳಗಿಟ್ಟ. ಅನ್ನವನ್ನಾದರೂ ಬಸಿದು ಗಂಜಿ ತೆಗೆಯಬಹುದು. ಮುದ್ದೆಯ ಎಸರಿನಲ್ಲಿ ಆವಿಯಾಗದೆ ಉಳಿದದ್ದೆಲ್ಲ ರಾಗಿಯೊಳಗೇ, ಅದರ ಫ್ಲೋರೈಡಂತೂ ಪೂರ್ತಿ ಹೊಟ್ಟೆಗೆ.

‘ಎರಡು ಮುದ್ದೆಗೆ ಎಷ್ಟು ಎಸರು ಇಡ್ತೀರಜ್ಜಿ?’

‘ಅಳತೆ ಏನ್ ಬಂತು, ಕೈ ಅಂದಾಜು.’

ಅವನು ಚೀಲದಿಂದ ಅಳತೆ ಜಾಡಿ ತೆಗೆದು, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಅಜ್ಜಿಯ ಹಿಂದೆ ಅಡುಗೆಮನೆಗೆ ಹೋದ.