ದಿನಾ ಎರಡು ಗಂಟೆ ವೇಟ್ ಎತ್ತಿದರೆ ಜಾಸ್ತಿ ಆಗುತ್ತಾ?

ಪ್ರಶ್ನೆ: ನನಗೆ 27 ವರ್ಷ. ಎಂಟು ತಿಂಗಳಿಂದ ವಾರಕ್ಕೆ ಆರು ದಿನ ಜಿಮ್‌ಗೆ ಹೋಗುತ್ತಿದ್ದೇನೆ, ದಿನಕ್ಕೆ ಸುಮಾರು ಎರಡು ಗಂಟೆ. ಒಂದು ಗಂಟೆ ದಾಟಿದರೆ ಸ್ನಾಯು ಕರಗುತ್ತದೆ, ಓವರ್‌ಟ್ರೇನಿಂಗ್ (ಮೈ ತಾಳದಷ್ಟು ತರಬೇತಿ) ಆಗುತ್ತದೆ ಅಂತ ಗೆಳೆಯರು ಹೆದರಿಸುತ್ತಾರೆ. ನಿಜವಾಗಿ ಎಷ್ಟು ಹೊತ್ತು ಎತ್ತಬಹುದು?

ಮೊದಲು ಆ ಹೆದರಿಕೆ ಬಿಡಿ. ಗಡಿಯಾರದ ಮುಳ್ಳು ಒಂದು ಗಂಟೆ ದಾಟಿತು ಅಂತ ಸ್ನಾಯು ಕರಗುವುದಿಲ್ಲ. ಭಾರ ಎತ್ತುವಾಗ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುವುದು, ಪುರುಷ ಹಾರ್ಮೋನ್ ಟೆಸ್ಟೊಸ್ಟೆರಾನ್ ಸ್ವಲ್ಪ ಏರಿ ಮತ್ತೆ ಇಳಿಯುವುದು ನಿಜ. ಆದರೆ ಆ ಏರಿಳಿತ ಸ್ವಲ್ಪ ಹೊತ್ತಿನದು. ಸ್ನಾಯು ಬೆಳೆಯುವುದಕ್ಕೂ ಅದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಇಲ್ಲ.

ಎರಡು ಗಂಟೆಯಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದು ಮುಖ್ಯ. ಒಂದು ದಿನ ಜಿಮ್‌ನ ಮೂಲೆಯಲ್ಲಿ ವಾಚ್ ಹಿಡಿದು ಕೂತು ನೋಡಿ. ಬೆಂಚ್ ಮೇಲೆ ಮಲಗಿ ತೂಕ ತುಂಬಿದ ಬಾರ್ ಅನ್ನು ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್‌ನಲ್ಲಿ ಎಂಟು ರೆಪ್ಸ್ (ಎಂಟು ಸಲ ಎತ್ತಿ ಇಳಿಸುವುದು) ಮುಗಿಯಲು 30–40 ಸೆಕೆಂಡ್ ಸಾಕು. ಇದು ಒಂದು ಸೆಟ್. ಆಮೇಲೆ ಮೂರು ನಿಮಿಷ ವಿಶ್ರಾಂತಿ. ನಾಲ್ಕು ಸೆಟ್‌ಗೆ ಕಾಲು ಗಂಟೆ ಹೋದರೂ ಬಾರ್ ಕೈಯಲ್ಲಿ ಇದ್ದದ್ದು ಎರಡೂವರೆ ನಿಮಿಷ ಅಷ್ಟೇ. ಸಂಜೆ ಏಳಕ್ಕೆ ಬೆಂಚ್‌ಗೆ ಸರದಿ ಕಾಯುವವರಿಗೆ ಎರಡು ಗಂಟೆ ಸುಮ್ನೆ ಕಳೆದುಹೋಗುತ್ತದೆ. ಪಕ್ಕದಲ್ಲೇ ಇನ್ನೊಬ್ಬರು ಉಸಿರಾಡಲೂ ಬಿಡುವು ಕೊಡದೆ ಒಂದೇ ಗಂಟೆಯಲ್ಲಿ 25 ಸೆಟ್ ಮುಗಿಸಿರುತ್ತಾರೆ. ಮೈ ಜಾಸ್ತಿ ದಣಿದಿರುವುದು ಈ ಎರಡನೆಯವರದು, ಅಲ್ವಾ?

ಅದಕ್ಕೇ ಗಂಟೆ ಎಣಿಸಬೇಡಿ, ಕಷ್ಟದ ಸೆಟ್ ಎಣಿಸಿ. ಬಾರ್ ಕೆಳಗಿಟ್ಟಾಗ ಇನ್ನೂ ಒಂದೋ ಎರಡೋ, ಹೆಚ್ಚೆಂದರೆ ಮೂರು ರೆಪ್ಸ್ ಮಾಡಬಹುದಿತ್ತು ಅನ್ನಿಸಿದರೆ ಅದು ಕಷ್ಟದ ಸೆಟ್. ವಾರ್ಮಪ್ ಲೆಕ್ಕಕ್ಕಿಲ್ಲ. ಎದೆ, ಬೆನ್ನು, ತೊಡೆ ಹೀಗೆ ಒಂದೊಂದು ಸ್ನಾಯುವಿಗೆ ವಾರಕ್ಕೆ 10ರಿಂದ 20 ಇಂಥ ಸೆಟ್ ಸಾಕು. ಎಂಟು ತಿಂಗಳ ಅನುಭವದ ನಿಮಗೆ 10–12ರಲ್ಲೇ ಚೆನ್ನಾಗಿ ಬೆಳವಣಿಗೆ ಆಗುತ್ತದೆ. ದಿನಕ್ಕೆ ಒಟ್ಟು 16 ಸೆಟ್, ನಡುವೆ ಎರಡು ಮೂರು ನಿಮಿಷ ಬಿಡುವು, ಹತ್ತು ನಿಮಿಷ ವಾರ್ಮಪ್ ಅಂದರೂ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ವಾರಕ್ಕೆ ನಾಲ್ಕು ದಿನ ಸಾಕು.

ಹಾಗಾದರೆ ಒಲಿಂಪಿಕ್ ಶೈಲಿಯ ವೇಟ್‌ಲಿಫ್ಟರ್‌ಗಳು ದಿನಕ್ಕೆ ಎರಡು ಮೂರು ಸಲ ಎತ್ತುತ್ತಾರಲ್ಲ ಅಂತ ಕೇಳಬಹುದು. ಕುಂದಾಪುರದ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆಜಿ ವಿಭಾಗದಲ್ಲಿ ಬೆಳ್ಳಿ ಗೆದ್ದರು. ಒಂದೇ ಎಳೆತಕ್ಕೆ ತಲೆಯ ಮೇಲೆ ಎತ್ತುವ ಸ್ನ್ಯಾಚ್‌ನಲ್ಲಿ 111, ಮೊದಲು ಭುಜಕ್ಕೆ ಆಮೇಲೆ ತಲೆಯ ಮೇಲೆ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕೆಜಿ. ಆ ವಿಡಿಯೊ ಸಿಕ್ಕರೆ ಎತ್ತಿದ ಮೇಲೆ ಏನಾಗುತ್ತದೆ ಅಂತ ಗಮನಿಸಿ. ಬಾರ್ ತಲೆಯ ಮೇಲಿನಿಂದ ನೇರವಾಗಿ ನೆಲಕ್ಕೆ ಬೀಳುತ್ತದೆ. ಸ್ನಾಯುವಿಗೆ ಜಾಸ್ತಿ ಏಟು ಬೀಳುವುದು ಭಾರವನ್ನು ನಿಧಾನವಾಗಿ ಇಳಿಸುವಾಗ. ಮರುದಿನ ಮೆಟ್ಟಿಲು ಇಳಿಯಲು ಆಗದಷ್ಟು ತೊಡೆ ನೋಯುವುದೂ ಅದರಿಂದಲೇ. ಲಿಫ್ಟರ್‌ಗಳಿಗೆ ಇಳಿಸುವ ಕೆಲಸವೇ ಕಡಿಮೆ, ಒಂದು ಸೆಟ್‌ಗೆ ರೆಪ್ಸ್ ಕೂಡ ಕಡಿಮೆ. ಸಾಲದ್ದಕ್ಕೆ ನಿದ್ದೆ, ಊಟ, ತರಬೇತಿ ಎಲ್ಲವೂ ಅವರ ವೃತ್ತಿಯ ಭಾಗ. ಅವರ ವೇಳಾಪಟ್ಟಿ ತಂದು ನಿಮ್ಮ ಆಫೀಸ್ ದಿನಕ್ಕೆ ಅಂಟಿಸಿದರೆ ನಡೆಯುವುದಿಲ್ಲ.

ಇನ್ನು ಓವರ್‌ಟ್ರೇನಿಂಗ್ ವಿಷಯ. ಯುರೋಪ್ ಮತ್ತು ಅಮೆರಿಕದ ಕ್ರೀಡಾ ವಿಜ್ಞಾನ ಸಂಸ್ಥೆಗಳು 2013ರಲ್ಲಿ ಒಟ್ಟಿಗೆ ಇದನ್ನು ವಿವರಿಸಿದ್ದವು. ಕೆಲವು ದಿನ ದಣಿದು ಸುಧಾರಿಸಿಕೊಂಡರೆ ಅದು ತರಬೇತಿಯ ಭಾಗವೇ. ನಿಜವಾದ ಓವರ್‌ಟ್ರೇನಿಂಗ್‌ನಿಂದ ಹೊರಬರಲು ತಿಂಗಳುಗಟ್ಟಲೆ ಬೇಕು. ನಮ್ಮ ನಿಮ್ಮಂಥವರಲ್ಲಿ ಅದು ಅಪರೂಪ. ಜಾಸ್ತಿ ಕಾಣುವುದು ಸಾಕಷ್ಟು ಚೇತರಿಸಿಕೊಳ್ಳದ ಮೈ.

ಅದು ನನಗೇ ಆಗಿತ್ತು. ನನ್ನ ಹಳೆಯ ಜಿಮ್ ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ಇದೆ. ಬೆಂಚ್ ಪ್ರೆಸ್, 70 ಕೆಜಿ, ಮೂರು ಸೆಟ್‌ಗಳ ರೆಪ್ಸ್: 6, 6, 5. ನಾಲ್ಕು ವಾರದ ನಂತರ ಅದೇ 70 ಕೆಜಿ: 5, 4, 3. ಎದೆಗೆ ಇನ್ನೂ ಎರಡು ವ್ಯಾಯಾಮ ಸೇರಿಸಿದ್ದೆ, ಬೆಳಿಗ್ಗೆ ಐದಕ್ಕೆ ಜಿಮ್‌ಗೆ ಹೋಗುತ್ತಿದ್ದೆ, ಮಲಗುವಾಗ ಹನ್ನೆರಡು ದಾಟುತ್ತಿತ್ತು. ಶರ್ಟ್ ತೋಳಿಗೆ ಕೈ ತೂರಿಸುವಾಗ ಭುಜದ ಮುಂಭಾಗ ಚುಚ್ಚುತ್ತಿತ್ತು. ಒಂದು ವಾರ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ ಏಳು ಗಂಟೆ ಮಲಗಿದೆ. ಮುಂದಿನ ಸೋಮವಾರ ಮೊದಲ ಸೆಟ್‌ನಲ್ಲಿ 7 ಬಂತು. ಆ 7ರ ಸುತ್ತ ಕೆಂಪು ಪೆನ್ನಿನ ಗೆರೆ ಈಗಲೂ ಇದೆ.

ನೀವೂ ಹೀಗೇ ಬರೆದಿಡಿ. ಒಂದು ದಿನ ರೆಪ್ಸ್ ಕಡಿಮೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ವಾರ ಸತತವಾಗಿ ಅದೇ ಭಾರಕ್ಕೆ ರೆಪ್ಸ್ ಇಳಿಯುತ್ತಿದ್ದು, ನಿದ್ದೆ ಸರಿ ಬರದೆ, ಊಟ ಸೇರದೆ, ಸಣ್ಣದಕ್ಕೂ ಸಿಟ್ಟು ಬರುತ್ತಿದ್ದರೆ ಒಂದು ವಾರ ಸೆಟ್ ಅರ್ಧ ಮಾಡಿ. ಆಮೇಲೂ ಸುಸ್ತು ಹೋಗದಿದ್ದರೆ ವೈದ್ಯರನ್ನು ನೋಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆಯಲ್ಲೂ ಇದೇ ಸುಸ್ತು ಇರುತ್ತದೆ. ಒಂದು ವಿಷಯದಲ್ಲಿ ಮಾತ್ರ ಕಾಯಲೇಬೇಡಿ. ತುಂಬಾ ದಿನದ ನಂತರ ಒಮ್ಮೆಲೇ ವಿಪರೀತ ಎತ್ತಿ, ಸ್ನಾಯು ಊದಿಕೊಂಡು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒಡೆದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು.

ಊಟದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ವೇಟ್ ಎತ್ತುವವರು ಒಂದು ಕೆಜಿ ದೇಹತೂಕಕ್ಕೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ತಿಂದರೆ ಒಳ್ಳೆಯದು. 65 ಕೆಜಿ ಇದ್ದರೆ ಸುಮಾರು 104 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ ಅಷ್ಟೇ. ಅನ್ನ ಸಾರು ತಿಂದು ಎರಡು ಗಂಟೆ ಎತ್ತುವವರಿಗೆ ಕೊರತೆ ಎಲ್ಲಿದೆ ಅಂತ ಈ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಈ ವಾರ ನಿಮ್ಮ ಕಷ್ಟದ ಸೆಟ್‌ಗಳನ್ನು ಎಣಿಸಿ. ಎದೆ ಒಂದಕ್ಕೇ 30 ದಾಟಿದ್ದರೆ ಅರ್ಧ ಬಿಡಿ, ಆರು ದಿನವನ್ನು ನಾಲ್ಕಕ್ಕೆ ಇಳಿಸಿ. ಲೆಕ್ಕ 12ರ ಆಸುಪಾಸಿನಲ್ಲೇ ಇದ್ದು, ಬಾರ್ ಮೇಲಿನ ತೂಕ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಉಳಿದ ಹೊತ್ತು ಸರದಿ ಕಾಯುವುದರಲ್ಲಿ ಗೆಳೆಯರ ಜೊತೆ ಹರಟುವುದರಲ್ಲಿ ಹೋಗುತ್ತಿದ್ದರೆ, ನಿಮ್ಮ ಎರಡು ಗಂಟೆಯಲ್ಲಿ ಒಂದು ನಿಮಿಷವನ್ನೂ ಕಡಿಮೆ ಮಾಡಬೇಕಿಲ್ಲ.