ಬಿಳಿ ಅನ್ನದ ಬೆರಿಬೆರಿ ಐಸಿಯು ಸೇರಿದ್ದು ಹೇಗೆ?

ಮುಂಬಯಿಯ ಮಾಟುಂಗಾದಲ್ಲಿ ಕುಚ್ಚಲಕ್ಕಿ ಈಗಲೂ ಸಿಗುತ್ತದೆ. ಆದರೆ ಡೊಂಬಿವಲಿ, ಥಾಣೆ ಕಡೆಯ ನಮ್ಮವರ ಎಷ್ಟೋ ಮನೆಗಳಲ್ಲಿ ಅದೀಗ ಹಿರಿಯರ ಗಂಜಿಗಷ್ಟೇ; ಮಕ್ಕಳಿಗೆ ಬಿಳಿ ಅನ್ನವೇ ಆಗಬೇಕು. ಕುಚ್ಚಲಕ್ಕಿಗೆ ಮಾಡುವಂತೆ ಭತ್ತವನ್ನು ಬೇಯಿಸಿ, ಒಣಗಿಸಿ ಅಕ್ಕಿ ಮಾಡಿದರೆ ತವುಡಿನ ಥಯಾಮಿನ್, ಅಂದರೆ ಬಿ1 ಜೀವಸತ್ವ, ಒಂದಿಷ್ಟು ಕಾಳಿನೊಳಗೆ ಇಳಿದು ಉಳಿಯುತ್ತದೆ. ಹಸಿ ಭತ್ತವನ್ನು ಮಿಲ್ಲಿನಲ್ಲಿ ಪಾಲಿಶ್ ಮಾಡಿದರೆ ಅದರ ಬಹುಪಾಲು ತವುಡಿನ ಜೊತೆಗೇ ಹೋಯಿತು. ಉಳಿದದ್ದನ್ನು ನಾಲ್ಕು ನೀರಲ್ಲಿ ತೊಳೆದು, ಗಂಜಿ ಬಸಿದು ಚೆಲ್ಲುತ್ತೇವೆ.

ಜಪಾನಿನ ನೌಕಾಪಡೆ ಬಿಳಿ ಅನ್ನಕ್ಕೆ ಭಾರಿ ಬೆಲೆ ತೆತ್ತಿತು. 1883ರಲ್ಲಿ ರ್ಯೂಜೋ ಎಂಬ ಹಡಗು ದೀರ್ಘಯಾನದಿಂದ ಮರಳಿದಾಗ 376 ಜನರಲ್ಲಿ 169 ಮಂದಿಗೆ ಬೆರಿಬೆರಿ, ಅಂದರೆ ಬಿ1 ಕೊರತೆಯಿಂದ ನರ, ಹೃದಯ ಸೋಲುವ ರೋಗ, ಬಂದಿತ್ತು, 25 ಮಂದಿ ಸತ್ತಿದ್ದರು. ಮರುವರ್ಷ ನೌಕಾವೈದ್ಯ ತಕಾಕಿ ಕನೆಹಿರೊ ಅದೇ ಹಾದಿಯಲ್ಲಿ ಇನ್ನೊಂದು ಹಡಗನ್ನು ಕಳಿಸಿದರು, ಊಟಕ್ಕೆ ಮಾಂಸ, ಹಾಲು, ಬ್ರೆಡ್ಡು ಸೇರಿಸಿ. ಬೆರಿಬೆರಿಗೆ ಒಬ್ಬರೂ ಸಾಯಲಿಲ್ಲ. ತಮಾಷೆಯೆಂದರೆ, ಕೊರತೆ ಪ್ರೋಟೀನಿನದು ಎಂದೇ ಅವರು ನಂಬಿದ್ದರು! ಜಾವಾದಲ್ಲಿ ಡಚ್ ವೈದ್ಯ ಐಕ್‌ಮನ್ ಕೋಳಿಗಳಿಗೆ ಪಾಲಿಶ್ ಅಕ್ಕಿ ತಿನ್ನಿಸಿ ತವುಡಿನ ಮಹಿಮೆ ತೋರಿಸಿದ್ದು 1890ರ ದಶಕದಲ್ಲಿ. ಕಾರ್ಖಾನೆಯಲ್ಲಿ ತಯಾರಿಸಬಹುದಾದ ಥಯಾಮಿನ್ ಬಂದದ್ದು 1936ರಲ್ಲಿ.

ಆಮೇಲೆ ವೈದ್ಯರಿಗೆ ಬೆರಿಬೆರಿ ಮರೆತೇ ಹೋಯಿತು ಅನ್ನಬೇಕು. ರೋಗ ಮಾತ್ರ ವಿಳಾಸ ಬದಲಿಸಿಕೊಂಡಿತ್ತು.

ನಮ್ಮ ಮೈಯಲ್ಲಿರುವ ಥಯಾಮಿನ್ ದಾಸ್ತಾನು ಹೆಚ್ಚೆಂದರೆ 30 ಮಿಲಿಗ್ರಾಂ, ಎರಡು-ಮೂರು ವಾರಕ್ಕೆ ಸಾಕು. ವಾಂತಿ, ಕುಡಿತ, ಡಯಾಲಿಸಿಸ್, ಮೈಯ ನೀರು ಇಳಿಸುವ ಫ್ಯೂರೋಸೆಮೈಡ್ ಮಾತ್ರೆ ಇವೆಲ್ಲ ಅದನ್ನು ಬೇಗ ಬರಿದುಮಾಡುತ್ತವೆ. ಅಂಥ ರೋಗಿಗೆ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಕಷ್ಟ ಶುರು. ಬಿ1 ಇಲ್ಲದೆ ಗ್ಲೂಕೋಸ್ ಪೂರ್ತಿ ಉರಿಯದು. ಅರ್ಧಕ್ಕೇ ನಿಂತು ಲ್ಯಾಕ್ಟಿಕ್ ಆಮ್ಲವಾಗಿ ರಕ್ತದಲ್ಲಿ ಕೂಡುತ್ತದೆ. ರಕ್ತನಾಳಗಳು ಸಡಿಲವಾಗುತ್ತವೆ, ಹೃದಯ ಎಷ್ಟು ಜೋರಾಗಿ ಬಡಿದರೂ ಸಾಲದೆ ಸೋಲುತ್ತದೆ. ಇದರ ಅತಿ ತೀವ್ರ ರೂಪಕ್ಕೆ ಶೋಶಿನ್ ಬೆರಿಬೆರಿ ಎಂದು ಹೆಸರು. ಕೆಲವೇ ಗಂಟೆಗಳಲ್ಲಿ ಬಿಪಿ ಕುಸಿಯುತ್ತದೆ. ನೋಡುವುದಕ್ಕೆ ಥೇಟ್ ಸೆಪ್ಸಿಸ್, ಅಂದರೆ ಸೋಂಕು ವಿಪರೀತಕ್ಕೆ ಹೋಗಿ ಅಂಗಾಂಗ ಸೋಲುವ ಸ್ಥಿತಿ. ತಪ್ಪಿಹೋಗುವುದು ಇಲ್ಲೇ.

1996-97ರಲ್ಲಿ ಅಮೆರಿಕದಲ್ಲಿ ರಕ್ತನಾಳಕ್ಕೆ ಕೊಡುವ ಮಲ್ಟಿವಿಟಮಿನ್‌ಗೆ ಬರ ಬಂತು. ರಕ್ತನಾಳದ ಮೂಲಕವೇ ಪೋಷಣೆ ಪಡೆಯುತ್ತಿದ್ದ ಕೆಲವು ರೋಗಿಗಳ ರಕ್ತ ಆಮ್ಲೀಯವಾಯಿತು. ಕಾರಣ ಹುಡುಕಿದರೆ ಸಿಕ್ಕಿದ್ದು ಬಿ1 ಕೊರತೆ. 2016ರಲ್ಲಿ ಪ್ರಕಟವಾದ ಅಲ್ಲಿನದೇ ಒಂದು ಅಧ್ಯಯನದಲ್ಲಿ ಸೆಪ್ಟಿಕ್ ಶಾಕ್ ಆದವರಲ್ಲಿ, ಅಂದರೆ ಸೆಪ್ಸಿಸ್‌ನಿಂದ ಬಿಪಿ ಕುಸಿದವರಲ್ಲಿ, ಸುಮಾರು ಮೂರನೇ ಒಂದು ಭಾಗಕ್ಕೆ ಈ ಕೊರತೆಯಿತ್ತು. ಕೊರತೆ ಇದೆಯೋ ಇಲ್ಲವೋ ನೋಡದೆ ಕೆಲವರಿಗೆ ಥಯಾಮಿನ್, ಉಳಿದವರಿಗೆ ಹುಸಿಮದ್ದು ಕೊಟ್ಟಾಗ ಒಟ್ಟಾರೆ ಹೆಚ್ಚೇನೂ ಪ್ರಯೋಜನ ಕಾಣಲಿಲ್ಲ. ಕೊರತೆಯಿದ್ದವರಲ್ಲಿ ಮಾತ್ರ ಥಯಾಮಿನ್ ಪಡೆದವರ ರಕ್ತದ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲದ ಮಟ್ಟ) ಹೆಚ್ಚು ಇಳಿಯಿತು.

ಕೊರತೆ ಯಾರಿಗಿದೆ ಎಂದು ಮಂಚದ ಬಳಿಯೇ ತಿಳಿಯುವ ಪರೀಕ್ಷೆಯಿಲ್ಲ, ರಕ್ತದ ರಿಪೋರ್ಟು ಕಾಯುವಷ್ಟು ಹೊತ್ತು ಇರುವುದಿಲ್ಲ. ಹಾಗಾಗಿ ಅನುಮಾನ ಬಂದ ಕೂಡಲೇ ಥಯಾಮಿನ್ ಚುಚ್ಚುಮದ್ದು ಕೊಡುವುದೇ ಸರಿಯೆಂದು ನನಗೂ ಅನಿಸುತ್ತದೆ. ಅಗ್ಗದ್ದು, ಅಪಾಯ ತೀರಾ ಕಡಿಮೆ. ಶೋಶಿನ್ ಆಗಿದ್ದರೆ ಕೆಲವೇ ಗಂಟೆಗಳಲ್ಲಿ ಬಿಪಿ ಚೇತರಿಸುವುದುಂಟು. ಅನುಮಾನ ಬರಬೇಕಾದರೆ ಮನೆಯವರೂ ಬಾಯಿಬಿಡಬೇಕು. ಭರ್ತಿ ಮಾಡುವಾಗ ಶುಗರ್, ಬಿಪಿ ಎಲ್ಲ ಹೇಳುತ್ತೇವೆ. ಎರಡು ವಾರದಿಂದ ಚಹಾ-ಬನ್ ಬಿಟ್ಟು ಹೊಟ್ಟೆಗೆ ಏನೂ ಹೋಗಿಲ್ಲ ಎಂಬುದನ್ನು ಹೇಳುವುದಿಲ್ಲ.