ಬಸವನಹುಳು ತಿನ್ನುವ ಬಸವನಹುಳುವನ್ನು ತೋಟಕ್ಕೆ ಬಿಡಬಹುದೇ?

ಪ್ರಶ್ನೆ: ಮಳೆ ಹಿಡಿದರೆ ಸಾಕು, ಅಡಿಕೆ ತೋಟದ ತುಂಬ ಆಫ್ರಿಕನ್ ಬಸವನಹುಳು. ಎಳೆ ಸಸಿ, ಬಾಳೆ, ಮೆಣಸಿನ ಕುಡಿ ಯಾವುದನ್ನೂ ಬಿಡುವುದಿಲ್ಲ. ಇದನ್ನು ತಿನ್ನುವ ಇನ್ನೊಂದು ಬಸವನಹುಳು ಇದೆಯಂತೆ. ತರಿಸಿ ಬಿಡಬಹುದೇ? (ಹೊಸನಗರದ ಓದುಗರು)

ಉತ್ತರ: ಖಂಡಿತ ಬೇಡ. ಅಂಥದ್ದು ಇರುವುದು ನಿಜ. ಅಮೆರಿಕದ ಫ್ಲಾರಿಡಾ ಕಡೆಯ ಯೂಗ್ಲಾಂಡಿನಾ, ಬೇರೆ ಹುಳುಗಳ ಲೋಳೆಯ ಜಾಡು ಹಿಡಿದು ಹೋಗಿ ತಿನ್ನುತ್ತದೆ. ಪೆಸಿಫಿಕ್ ಸಾಗರದ ತಹೀತಿ ದ್ವೀಪಕ್ಕೆ 1967ರಲ್ಲಿ ಆಫ್ರಿಕನ್ ಹುಳು ಹೊಕ್ಕಾಗ ಅಲ್ಲಿಯವರಿಗೂ ನಿಮ್ಮದೇ ಯೋಚನೆ ಬಂತು. 1974ರಲ್ಲಿ ಯೂಗ್ಲಾಂಡಿನಾ ತಂದು ಬಿಟ್ಟರು. 1977ರಲ್ಲಿ ಪಕ್ಕದ ಮೊರೆಯಾಕ್ಕೂ.

ದೊಡ್ಡ ಚಿಪ್ಪಿನ ಆಫ್ರಿಕನ್ ಹುಳುವಿಗಿಂತ ಅದಕ್ಕೆ ಸಲೀಸಾಗಿ ಸಿಕ್ಕಿದ್ದು ಕಾಡುಮರಗಳ ಮೇಲಿನ ಪಾರ್ಟುಲಾ. ಬೆರಳ ತುದಿಯಷ್ಟಿರುವ ಈ ಹುಳು ಕೊಳೆತ ಎಲೆ, ಪಾಚಿ ತಿಂದುಕೊಂಡಿರುತ್ತದೆ, ಬೆಳೆಯ ತಂಟೆಗೇ ಬರುವುದಿಲ್ಲ. ಆಫ್ರಿಕನ್ ಹುಳು ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುತ್ತದೆ. ಪಾರ್ಟುಲಾ ಮೊಟ್ಟೆ ಇಡದೆ ಸಲಕ್ಕೊಂದೇ ಮರಿ ಹಾಕುತ್ತದೆ. ಹೀಗಾಗಿ ತಿನ್ನುವ ವೇಗಕ್ಕೆ ಹುಟ್ಟುವ ವೇಗ ಸಾಟಿಯಾಗಲಿಲ್ಲ. 1987ರ ಹೊತ್ತಿಗೆ ಮೊರೆಯಾದ ಏಳೂ ಪಾರ್ಟುಲಾ ಜಾತಿ ಕಾಡಿನಲ್ಲಿ ಕಾಣದಾದವು. ಅದೇ ದ್ವೀಪಸಮೂಹದ ರಾಯಟೆಯಾದಲ್ಲಿದ್ದ ಪಾರ್ಟುಲಾ ಟರ್ಗಿಡಾ ಎಂಬ ಜಾತಿಯ ಕೊನೆಯ ಹುಳು 1996ರ ಜನವರಿಯಲ್ಲಿ ಲಂಡನ್ ಮೃಗಾಲಯದಲ್ಲಿ ಸತ್ತಿತು. ಮೃಗಾಲಯಗಳಲ್ಲಿ ಸಾಕಿ ಉಳಿಸಿಕೊಂಡ ಬೇರೆ ಜಾತಿಗಳನ್ನು 2015ರಿಂದ ಮತ್ತೆ ದ್ವೀಪಗಳಿಗೆ ಬಿಡುತ್ತಿದ್ದಾರೆ. ತಹೀತಿಯಲ್ಲಿ ಆಫ್ರಿಕನ್ ಹುಳು ಇನ್ನೂ ಇದೆ ಅನ್ನಿ!

ನಮ್ಮ ಘಟ್ಟದ ಕಾಡಿನಲ್ಲೂ ಬೇರೆಲ್ಲೂ ಇಲ್ಲದ ಬಸವನಹುಳು ಜಾತಿಗಳು ಬೇಕಾದಷ್ಟಿವೆ. ತೋಟಕ್ಕೆ ಬಿಟ್ಟದ್ದು ಬೇಲಿ ನೋಡಿ ನಿಲ್ಲುವುದಿಲ್ಲ.

ಹಾಗಾದರೆ ಮಾಡುವುದೇನು? ಮೊದಲ ಮಳೆಗೆ ಹುಳು ಹೊರಬಿದ್ದ ಕೂಡಲೇ, ಮೊಟ್ಟೆ ಇಡುವ ಮುಂಚೆ ಆರಿಸಿ. ಸಂಜೆ ಬಸಿಗಾಲುವೆಯ ಬದಿಯಲ್ಲಿ ಪಪ್ಪಾಯಿ ಎಲೆ ಇಲ್ಲವೇ ಕೋಸಿನ ಎಲೆ ಹರಡಿ, ಮೇಲೆ ಒದ್ದೆ ಗೋಣಿಚೀಲ ಮುಚ್ಚಿ. ಬೆಳಿಗ್ಗೆ ಬಿಸಿಲೇರುವ ಮೊದಲೇ ಚೀಲ ಎತ್ತಿ, ಅಡಿಯಲ್ಲಿ ಸೇರಿದ್ದನ್ನು ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಅದರ ಮೈಯಲ್ಲಿರಬಹುದಾದ ಪರಾವಲಂಬಿ ಹುಳು ಮನುಷ್ಯನ ಮಿದುಳಿನ ಪೊರೆಗೆ ಉರಿಯೂತ ತರಬಲ್ಲದು. ಉಪ್ಪನ್ನು ಗಿಡದ ಬುಡಕ್ಕೆ ಎರಚುವವರಿದ್ದಾರೆ, ಅದರಿಂದ ಕೆಡುವುದು ಮಣ್ಣು. ಸೋಗೆ, ಹಾಳೆ ರಾಶಿಯ ಅಡಿ ಕೆದಕಿ ನೋಡಿ: ನಸುಹಳದಿ ಬಣ್ಣದ, ಸುಮಾರು 5 ಮಿ.ಮೀ. ಗಾತ್ರದ ಮೊಟ್ಟೆಗಳ ಗುಂಪು ಸಿಕ್ಕರೆ ಜಜ್ಜಿಬಿಡಿ.

ಬಸವನಹುಳು ಕೊಲ್ಲುವ ಮೆಟಾಲ್ಡಿಹೈಡ್ ಎಂಬ ವಿಷದ ಗುಳಿಗೆ ಹಾಕುವುದಾದರೆ ಮಳೆ ಬಿಡುವು ಕೊಟ್ಟ ಸಂಜೆ ಹಾಕಿ. ಹುಳು ಲೋಳೆ ಸುರಿಸಿ ನೀರಾರಿ ಸಾಯಬೇಕು. ಮಳೆ ಬಂದರೆ ನೀರು ಹೀರಿಕೊಂಡು ಮತ್ತೆ ಚೇತರಿಸಿಕೊಳ್ಳುತ್ತದೆ. ನಾಯಿ, ದನಕ್ಕೂ ಅದು ವಿಷ, ಆ ರಾತ್ರಿ ಅವನ್ನು ಕಟ್ಟಿಹಾಕಿ.